ಸಹಿ ಹಾಕಲು ಏಳು ಮಂದಿ ಅಲ್ಲ: ಕೆಲಸ ಮಾಡುವ ಆಡಳಿತ ಮಂಡಳಿ ಕಟ್ಟುವುದು ಹೇಗೆ

ಕಲಬುರಗಿ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ನಾವು ಸಂಜೆ ಪಾಠಶಾಲೆ ನಡೆಸುತ್ತೇವೆ. ಅದನ್ನು ಸಂಘವಾಗಿ ನೋಂದಾಯಿಸಲು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಸದಸ್ಯರು ಬೇಕು. ಭಾವ, ಗೆಳೆಯ, ಗೆಳೆಯನ ಅಣ್ಣ, ಊರಲ್ಲಿ ಹೆಸರಿದ್ದ ಒಬ್ಬರು, ಹೀಗೆ ಏಳು ಹೆಸರು ಕೂಡಿಸಿ ಕೊಟ್ಟೆವು, ಅವರೇ ನಮ್ಮ ಆಡಳಿತ ಮಂಡಳಿ. ಆಮೇಲೆ ಸಭೆ ನಡೆದದ್ದು ಬರೀ ಪುಸ್ತಕದಲ್ಲಿ. ಠರಾವು ಪುಸ್ತಕ, ಅಂದರೆ ಸಭೆಯ ನಿರ್ಣಯ ಬರೆಯುವ ಪುಸ್ತಕ, ಹಿಡಿದು ಮನೆಮನೆಗೆ ಹೋಗಿ ಸಹಿ ತರುತ್ತಿದ್ದೆ. ಒಂದು ದಿನ ಸದಸ್ಯರಲ್ಲಿ ಒಬ್ಬರಾದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಪುಟ ಓದಿ, ಪೆನ್ನಿನ ಕ್ಯಾಪ್ ಹಾಕಿ, ಪುಸ್ತಕ ವಾಪಸ್ ಕೊಟ್ಟರು. "ಸಭಾಕ್ಕ ನಾ ಬಂದೇ ಇಲ್ಲ, ಸಹಿ ಹ್ಯಾಂಗ ಮಾಡ್ಲಿರಿ?" ನಾನು ಮಾಡುತ್ತಿದ್ದದ್ದು ತಪ್ಪು ಅಂತ ಅವತ್ತು ಅರ್ಥವಾಯಿತು.

ನೀವು ಹೊಸದಾಗಿ ಮಂಡಳಿ ಕಟ್ಟುತ್ತಿದ್ದರೆ, ಯಾರನ್ನು ಕರೆಯಬೇಕು ಅಂತ ಮೊದಲು ಯೋಚಿಸಬೇಡಿ. ಸಂಸ್ಥೆಗೆ ಏನು ಕೊರತೆ ಇದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಮಗೆ ಲೆಕ್ಕ ಬಲ್ಲವರು ಬೇಕಿತ್ತು, ಕಾನೂನು ಗೊತ್ತಿರುವವರು ಬೇಕಿತ್ತು, ಎಲ್ಲಕ್ಕಿಂತ ಜಾಸ್ತಿ ಆ ಮಕ್ಕಳ ಮನೆ ಗೊತ್ತಿರುವವರು ಬೇಕಿತ್ತು. ನಿವೃತ್ತ ಶಿಕ್ಷಕರು, ವಕೀಲರು, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಣ್ಣುಮಕ್ಕಳು ನಮ್ಮ ಎಲ್ಲ ತಾಲ್ಲೂಕುಗಳಲ್ಲೂ ಇದ್ದಾರೆ. ಸರ್ಕಾರಿ ನೌಕರಿಯಲ್ಲಿ ಇರುವವರಾದರೆ ಇಲಾಖೆಯ ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ.

ಕರೆಯುವಾಗ ಫೋನಿನಲ್ಲಿ ಮುಗಿಸಬೇಡಿ. ಮನೆಗೆ ಹೋಗಿ ಕೂತು ಬಿಚ್ಚಿ ಹೇಳಿ: ವರ್ಷಕ್ಕೆ ನಾಲ್ಕು ಸಭೆ, ಒಂದೊಂದೂ ಎರಡು ತಾಸು, ನಿಮ್ಮಿಂದ ಬೇಕಾದ ಕೆಲಸ ಇದು. ಹಿಂದಿನ ವರ್ಷದ ಆಡಿಟ್ ಲೆಕ್ಕ ಕೈಗೆ ಕೊಡಿ, ಸಾಲ ಇದ್ದರೆ ಅದನ್ನೂ ಹೇಳಿ. "ಸುಮ್ನೆ ಹೆಸರು ಇರಲಿ ಸರ್" ಅಂತ ಮಾತ್ರ ಕೇಳಬೇಡಿ. ಹಾಗೆ ಕರೆದರೆ ಅವರು ಹೆಸರು ಕೊಟ್ಟು ಸುಮ್ಮನಾಗುತ್ತಾರೆ, ಅಲ್ವಾ? ಒಪ್ಪುವ ಮೊದಲು ಒಂದು ಸಂಜೆ ಶಾಲೆಗೆ ಬಂದು ಮಕ್ಕಳ ಜೊತೆ ಕೂರಲಿ.

ಸಭೆ ಯಾವಾಗ ಇಡುತ್ತೀರಿ ಅನ್ನುವುದು ಸಣ್ಣ ವಿಷಯ ಅಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಹಳ್ಳಿಯವರು ಬರುವುದಿಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ಬೆಳಿಗ್ಗೆ ಎಂಟಕ್ಕೇ ಶುರು ಮಾಡಿ. ಕೂಲಿ ಬಿಟ್ಟು ಬರುವ ಸದಸ್ಯರಿಗೆ ಬಸ್ ಚಾರ್ಜ್ ಸಂಸ್ಥೆಯೇ ಕೊಡಲಿ. ಬೀದರ್ ಕಡೆ ಒಂದೇ ಕೋಣೆಯಲ್ಲಿ ಕನ್ನಡ, ಉರ್ದು, ಮರಾಠಿ ಮಾತಾಡುವವರು ಕೂತಿರುತ್ತಾರೆ, ಹಾಗಾಗಿ ಲೆಕ್ಕದ ಹಾಳೆ ಹಂಚಿ ಬಿಡಬೇಡಿ, ಎಲ್ಲರಿಗೂ ತಿಳಿಯುವ ಹಾಗೆ ಗಟ್ಟಿಯಾಗಿ ಓದಿ ಹೇಳಿ.

ಸಭೆಗೆ ಒಂದು ವಾರ ಮುಂಚೆ ಒಂದೇ ಪುಟದ ಜಮಾ-ಖರ್ಚು ಕಳಿಸಿ. ಸಭೆಯಲ್ಲಿ ವರದಿ ಓದುತ್ತಾ ಹೊತ್ತು ಕಳೆಯದೆ, ನಿಮಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಮುಂದೆ ಇಡಿ. ಒಂದು ಊರಲ್ಲಿ ಹುಡುಗಿಯರು ಶಾಲೆ ಬಿಡುತ್ತಿದ್ದರು. ನಾವು ಶಿಕ್ಷಕಿಯನ್ನು ಬದಲಿಸುವ ಮಾತಾಡುತ್ತಿದ್ದೆವು. ಮೂಲೆಯಲ್ಲಿ ಕೂತಿದ್ದ ತಾಯಿ ಸದಸ್ಯೆ ಹೇಳಿದರು: "ಆರಕ್ಕ ಅಂದ್ರ ರೊಟ್ಟಿ ಬಡಿಯೋ ಹೊತ್ತರಿ. ಏಳೂವರಿಗಿ ಇಡ್ರಿ, ಬರ್ತಾವ." ಸಮಯ ಬದಲಿಸಿದೆವು, ಹುಡುಗಿಯರು ವಾಪಸ್ ಬಂದರು. ಆ ಮಾತು ನಮ್ಮ ಯಾವ ವರದಿಯಲ್ಲೂ ಇರಲಿಲ್ಲ.

ಹಣದ ವಿಷಯದಲ್ಲಿ ಸಂಕೋಚ ಬೇಡ. ಚೆಕ್ಕಿಗೆ ಇಬ್ಬರ ಸಹಿ ಇರಲಿ, ಆ ಇಬ್ಬರು ಒಂದೇ ಮನೆಯವರು ಆಗಬಾರದು. ಸದಸ್ಯರ ಸಂಬಂಧಿಕರಿಂದ ಏನಾದರೂ ಕೊಳ್ಳುವುದಿದ್ದರೆ ಆ ಸದಸ್ಯರು ನಿರ್ಧಾರದಲ್ಲಿ ಸೇರಬಾರದು, ಅದು ಠರಾವಿನಲ್ಲಿ ಬರಲಿ. ವಾರ್ಷಿಕ ಮಹಾಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿ ಸದಸ್ಯರ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕಪತ್ರ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಈ ಕೆಲಸಕ್ಕೆ ಒಬ್ಬರ ಹೆಸರು ಗೊತ್ತು ಮಾಡಿ, ಇಲ್ಲದಿದ್ದರೆ ಎಲ್ಲರೂ ಮರೆಯುತ್ತಾರೆ.

ಸತತ ಮೂರು ಸಭೆಗೆ ಬಾರದವರಿಗೆ ನೋಟಿಸ್ ಕೊಡುವ ಮೊದಲು ಮನೆಗೆ ಹೋಗಿ ಮಾತಾಡಿ. ಕಾಯಿಲೆ ಇರಬಹುದು, ಮನಸ್ಸಿಗೆ ನೋವಾಗಿರಬಹುದು. ಆಗುವುದಿಲ್ಲ ಅಂದರೆ ಗೌರವದಿಂದ ಕಳಿಸಿಕೊಡಿ, ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ಸದಸ್ಯರ ಅವಧಿ ಬರೆದಿದ್ದರೆ ಇದು ಸುಲಭ.

ನಮ್ಮ ಆ ಬ್ಯಾಂಕ್ ಮ್ಯಾನೇಜರ್ ಈಗ ಖಜಾಂಚಿ. ಪ್ರತಿ ಸಭೆಯಲ್ಲೂ ಚಹಾ ಬರುವ ಮೊದಲೇ ಪಾಸ್‌ಬುಕ್ ಕೇಳುತ್ತಾರೆ.