ಕೆರೆಗಿಂತ ಮೊದಲು ಕಾಲುವೆ: ನಮ್ಮೂರಲ್ಲಿ ನಾವು ಮಾಡಿದ್ದು

2021ರ ನವೆಂಬರ್ ಮಳೆಯನ್ನು ಕೋಲಾರ ಜಿಲ್ಲೆಯವರು ಯಾರೂ ಮರೆತಿಲ್ಲ. ಎಷ್ಟೋ ವರ್ಷ ಬಿರುಕು ಬಿಟ್ಟು ಬಿದ್ದಿದ್ದ ಕೆರೆಗಳು ಕೋಡಿ ಹರಿದವು. ಜನ ಬಾಗಿನ ಅರ್ಪಿಸಿದರು. ಮಾಲೂರು ತಾಲ್ಲೂಕಿನ ನಮ್ಮೂರ ಕೆರೆ ಮಾತ್ರ ಅರ್ಧಕ್ಕೇ ನಿಂತಿತ್ತು. ಅದಕ್ಕೂ ಮುಂಚೆ ಎರಡು ವರ್ಷ ನಾವೇ ಕೈಯಿಂದ ದುಡ್ಡು ಹಾಕಿ ಜಾಲಿ ಕೀಳಿಸಿದ್ದೆವು, ಹೂಳು ತೆಗೆಸಿದ್ದೆವು. ಹಾಗಾದರೆ ನೀರು ಎಲ್ಲಿ ಹೋಯ್ತು?

ಮಾರನೇ ದಿನ ಬೆಳಿಗ್ಗೆ ಐದಾರು ಜನ ಕೆರೆಯಂಗಳದಿಂದ ಮೇಲಕ್ಕೆ ನಡೆದೆವು. ಹಿಂದೆ ಕೆರೆ ನೀರನ್ನು ಹೊಲಗಳಿಗೆ ಬಿಡುವ ನೀರಗಂಟಿಯಾಗಿದ್ದ ತಾತನನ್ನೂ ಕರೆದುಕೊಂಡು ಹೋದೆವು. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಕಂಡಿತು. ಹೊಸ ಲೇಔಟಿನ ಕಲ್ಲುಗಳ ಮಧ್ಯೆ ಮೊಣಕಾಲುದ್ದ ನೀರು ನಿಂತಿತ್ತು. ತುಂಬಿ ಹೆಚ್ಚಾದದ್ದು ರಸ್ತೆ ಪಕ್ಕದ ಚರಂಡಿಗೆ ಇಳಿದು ಬೇರೆ ದಿಕ್ಕಿಗೆ ಹರಿಯುತ್ತಿತ್ತು. ತಾತ ಕೋಲು ಊರಿ ನಿಂತು, "ಕಾಲುವೆ ಇಲ್ಲೇ ಇದ್ದಿದ್ದು ಕಣಪ್ಪಾ. ಎಮ್ಮೆ ಇಳಿದ್ರೆ ಬೆನ್ನು ಕಾಣ್ತಿರಲಿಲ್ಲ" ಅಂದರು. ಅಲ್ಲಿ ಮಣ್ಣು ತುಂಬಿ ಮಟ್ಟ ಮಾಡಿದ್ದರು. ನಾವು ಎರಡು ವರ್ಷ ಕೆರೆಯನ್ನೇ ನೋಡಿಕೊಂಡು ಕೂತೆವು, ಅದಕ್ಕೆ ನೀರು ತರುವ ದಾರಿ ನೋಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಕಾಲುವೆ ಮುಚ್ಚಿದರೆ ಕೆರೆ ಬರೀ ಬಯಲು, ಅಲ್ವಾ?

ಮೊದಲು ಮಾಡಿದ ಕೆಲಸ ನಕಾಶೆ ತೆಗೆದದ್ದು. ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಗ್ರಾಮ ನಕಾಶೆ ಸುಮ್ನೆ ಸಿಗುತ್ತದೆ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅರಳಿಕಟ್ಟೆ ಮೇಲೆ ಹರಡಿದೆವು. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪನ್ನು ಮೊಬೈಲಿನಲ್ಲಿ ಹಾಕಿಕೊಂಡು ಕಾಲುವೆ ಗೆರೆಯ ಮೇಲೇ ನಡೆದೆವು. ಎಲ್ಲೆಲ್ಲಿ ಮುಚ್ಚಿದೆಯೋ ಅಲ್ಲಿನ ಸರ್ವೆ ನಂಬರ್ ಬರೆದುಕೊಂಡೆವು. ಮೂರು ಕಡೆ ಸಿಕ್ಕಿತು. ಆ ಆ್ಯಪ್ ದಾರಿ ತೋರಿಸುತ್ತದೆ, ಅಷ್ಟೇ. ಗಡಿಗೆ ಅದನ್ನೇ ದಾಖಲೆ ಅಂತ ಹಿಡಿದು ಜಗಳಕ್ಕೆ ಹೋಗಬೇಡಿ. ಕೆಲವು ಅಡಿ ಆಚೀಚೆ ಆಗುತ್ತದೆ.

ಆಮೇಲೆ ಪಹಣಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಖಾಸಗಿ ಜಮೀನಿನ ಒಳಗೆ ಕಾಲುವೆ ಹಾದುಹೋದರೆ ಪಹಣಿಯಲ್ಲಿ ಅದಕ್ಕೆ ಬೇರೆ ಹೆಸರು ಇರುವುದಿಲ್ಲ. ವಿಸ್ತೀರ್ಣದ ಕಾಲಂನಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಇಷ್ಟು ಗುಂಟೆ ಎಂದಿರುತ್ತದೆ. ಆ ಗುಂಟೆಗಳು ಸಾರ್ವಜನಿಕರದು, ಮಾರುವ ಹಾಗಿಲ್ಲ. ಲೇಔಟ್ ನಕ್ಷೆಯ ಪ್ರತಿಯನ್ನು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಬಂದಾಗ ನೋಡಿದರೆ ಆ ಖರಾಬಿನ ಜಾಗದಲ್ಲಿ ಪಾರ್ಕ್ ಬರೆದಿತ್ತು. ನೆಲದ ಮೇಲೆ ಅದೂ ಇರಲಿಲ್ಲ, ಸೈಟಿನ ಕಲ್ಲು ನೆಟ್ಟಿದ್ದರು.

ಅರ್ಜಿ ಯಾರಿಗೆ ಕೊಡಬೇಕು ಅನ್ನೋದರಲ್ಲೇ ನಾಲ್ಕು ತಿಂಗಳು ಹೋಯಿತು. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆ ಇದ್ದರೆ ಪಂಚಾಯತಿ ಕಡೆಯದು. ಕಾಲುವೆ ಇರುವ ಜಾಗ ಕಂದಾಯದವರದು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಕೊನೆಗೆ ಗ್ರಾಮಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಬರೆಸಿದೆವು. ಆ ಪ್ರತಿ ಲಗತ್ತಿಸಿ ಕಾಲುವೆ ಅಳತೆ ಮಾಡಿಕೊಡಿ ಅಂತ ತಹಶೀಲ್ದಾರರಿಗೆ ಕೊಟ್ಟ ಮೇಲೆ ಕಡತ ಓಡಾಡಿತು.

ಅಳತೆಯ ದಿನ ನೆನಪಿಸಿಕೊಂಡರೆ ಈಗಲೂ ಎದೆ ಡವಡವ ಅನ್ನುತ್ತದೆ. ಸರ್ವೆಯರ್ ಟಿಪ್ಪಣಿ, ಅಂದರೆ ಹಳೇ ಅಳತೆಯ ನಕ್ಷೆ, ಹಿಡಿದು ಬಂದರು. ಅಳೆಯುವ ಸರಪಳಿ, ಅಂದರೆ ಚೈನು, 33 ಅಡಿ; ಅದರಲ್ಲಿ ಹದಿನಾರು ಭಾಗ, ಒಂದೊಂದಕ್ಕೆ ಆಣೆ ಅಂತಾರೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಅಂದರೆ ಒಂದು ಗುಂಟೆ. ಗಡಿ ಗುರುತಿನ ಹಳೇ ಬಾಂದುಕಲ್ಲು ಸಿಗದಿದ್ದರೆ ಅಳತೆ ಶುರುವೇ ಆಗುವುದಿಲ್ಲ. ಎರಡು ಗಂಟೆ ಹುಡುಕಿದೆವು. ಹೊಂಗೆ ಮರದ ಬುಡದಲ್ಲಿ ತಾತ ತೋರಿಸಿದ ಕಡೆ ಅಗೆದಾಗ ಕಲ್ಲು ಸಿಕ್ಕಿತು. ಅಲ್ಲಿಂದ ಹಿಡಿದ ಅಳತೆ ಸೀದಾ ಆರು ಸೈಟುಗಳ ಮೇಲೆ ಹೋಯಿತು. ಸೈಟು ಕೊಂಡವರಲ್ಲಿ ಇಬ್ಬರು ಅಲ್ಲೇ ನಿಂತಿದ್ದರು. ಫ್ಯಾಕ್ಟರಿ ಸಂಬಳದಲ್ಲಿ ಕಂತು ಕಟ್ಟಿದವರು. ಒಬ್ಬ ಹೆಣ್ಣುಮಗಳು, "ನಮ್ಮ ದುಡ್ಡು ಯಾರು ಕೊಡ್ತಾರೆ ಅಣ್ಣಾ?" ಅಂದಳು. ನನ್ನ ಬಾಯಿ ಕಟ್ಟಿಹೋಯಿತು. ತಪ್ಪು ಅವರದಲ್ಲ. ಲೇಔಟಿನವರು ಅವರಿಗೆ ಬದಲಿ ಸೈಟು ಕೊಡಬೇಕು ಅಂತ ಆಮೇಲೆ ನಾವೂ ಅವರ ಜೊತೆ ಓಡಾಡಿದೆವು. ನಾಲ್ಕು ಜನಕ್ಕೆ ಸಿಕ್ಕಿದೆ, ಇಬ್ಬರಿಗೆ ಇನ್ನೂ ಇಲ್ಲ.

ಕಲ್ಲು ನೆಡುವ ಮೊದಲೇ ತಡೆದಿದ್ದರೆ ಆ ಆರು ಮನೆಯವರಿಗೆ ಈ ಕಷ್ಟ ಬರುತ್ತಿರಲಿಲ್ಲ. ಅದಕ್ಕೇ ಬೇರೆ ಊರಿನವರು ಕೇಳಿದಾಗ ಹೇಳುತ್ತೇನೆ: ನಿಮ್ಮ ಭಾಗದ ಮಾಸ್ಟರ್ ಪ್ಲಾನ್ (ಯಾವ ಜಾಗ ಯಾವುದಕ್ಕೆ ಅಂತ ಗೊತ್ತು ಮಾಡುವ ನಕ್ಷೆ) ಕರಡು ಪ್ರಕಟವಾದಾಗ ಆಕ್ಷೇಪಣೆಗೆ 60 ದಿನ ಸಮಯ ಇರುತ್ತದೆ. ಅಷ್ಟರಲ್ಲಿ ಗ್ರಾಮ ನಕಾಶೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಕರಡಿನಲ್ಲಿ ಕಾಲುವೆ ಗೆರೆ ಇಲ್ಲದಿದ್ದರೆ ಸರ್ವೆ ನಂಬರ್ ಸಮೇತ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಗುಂಡುತೋಪು, ಗೋಮಾಳ, ಸ್ಮಶಾನವನ್ನೂ ಹಾಗೇ ಹುಡುಕಿ.

ಮೂರರಲ್ಲಿ ಎರಡು ಕಡೆ ಕಾಲುವೆ ಬಿಡಿಸಿದ್ದಾಯಿತು. ಮೂರನೆಯದು ಕೋರ್ಟಿನಲ್ಲಿದೆ. ಅಲ್ಲಿ ಸದ್ಯಕ್ಕೆ ಪಕ್ಕದ ಹೊಲದ ರೈತರು ತಮ್ಮ ಬದುವಿನ ಗುಂಟ ಒಂದು ಗಾಡಿಯಗಲ ಜಾಗ ಬಿಟ್ಟುಕೊಟ್ಟಿದ್ದಾರೆ. ಕಳೆದ ಮಳೆಗಾಲದಲ್ಲಿ ನೀರು ಅಲ್ಲಿಂದಲೇ ಸುತ್ತು ಹಾಕಿ ಬಂದು ತೂಬಿನ (ನೀರು ಬಿಡುವ ಬಾಗಿಲಿನ) ಎರಡನೇ ಕಣ್ಣು ಮುಳುಗುವಷ್ಟು ನಿಂತಿತು.