ಸೈಕಲ್ಲಿಗೆ ಮೋಟರು ಕೂರಿಸಿದ ಕಥೆ

ಮೋಟರು ಆರಿಸೋದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. 250 ವ್ಯಾಟಿನೊಳಗೆ, ಗಂಟೆಗೆ 25 ಕಿ.ಮೀ. ಮುಟ್ಟದ ಗಾಡಿಗೆ ನೋಂದಣಿ ಬೇಡ ಅನ್ನೋ ನಿಯಮ ಮನಸ್ಸಿನಲ್ಲಿತ್ತು. ಹಿಂದಿನ ಚಕ್ರಕ್ಕೆ 36 ವೋಲ್ಟಿನ ಗೇರ್ಡ್ ಹಬ್ ಮೋಟರು (ಚಕ್ರದ ನಡುವಿನಲ್ಲೇ ಕೂರುವ, ಒಳಗೆ ಗೇರಿರುವ ಮೋಟರು) ತಂದೆ. ಒಳಗೆ ಫ್ರೀವೀಲ್ ಇರೋದರಿಂದ ಚಾರ್ಜು ಮುಗಿದರೂ ಸಾಮಾನ್ಯ ಸೈಕಲ್ಲಿನ ಹಾಗೆ ತುಳಿಯಬಹುದು.

ತಲೆ ತಿಂದದ್ದು ಬ್ಯಾಟರಿ. ದುಡ್ಡು ಉಳಿಸೋಣ ಅಂತ ಬೆಂಗಳೂರಿಗೆ ಹೋದಾಗ ಒಂದೊಂದರ ಮೇಲೂ 2600 ಎಂಎಎಚ್ (2.6 ಆಂಪಿಯರ್-ಅವರ್) ಅಂತ ಬರೆದಿದ್ದ, 18650 ಅನ್ನೋ ಸೈಜಿನ ನಲವತ್ತು ಲಿಥಿಯಂ ಸೆಲ್ಲು ಕೊಂಡೆ. ಮೈಸೂರಿಗೆ ಬಂದು ನಾಲ್ಕು ನಾಲ್ಕು ಸೇರಿಸಿ ಹತ್ತು ಗುಂಪು ಮಾಡಿ, ಬಿಎಂಎಸ್ (ಪ್ರತಿ ಗುಂಪಿನ ವೋಲ್ಟೇಜು ಕಾಯುವ ಸರ್ಕ್ಯೂಟು) ಹಾಕಿದೆ. ಮೀಟರಿನಲ್ಲಿ 42 ವೋಲ್ಟ್, ಅಂದರೆ ಫುಲ್ ಚಾರ್ಜು. ಕುಣಿದಾಡೋದೊಂದು ಬಾಕಿ.

ಪುಣ್ಯಕ್ಕೆ ಸೈಕಲ್ಲಿಗೆ ಕಟ್ಟುವ ಮುಂಚೆ ಲೋಡ್ ಹಾಕಿ ನೋಡಿದೆ. ಕಾರಿನ ಹೆಡ್‌ಲೈಟಿನ 12 ವೋಲ್ಟ್, 55 ವ್ಯಾಟಿನ ಮೂರು ಹ್ಯಾಲೊಜೆನ್ ಬಲ್ಬನ್ನು ಸಾಲಾಗಿ ಜೋಡಿಸಿದರೆ ಹತ್ತಿರ ಹತ್ತಿರ ನಾಲ್ಕೂವರೆ ಆಂಪಿಯರ್ ಎಳೆಯುತ್ತೆ. ಸೆಲ್ಲಿನ ಮೇಲೆ ಬರೆದದ್ದು ನಿಜವಾಗಿದ್ದರೆ ಎರಡು ಗಂಟೆಗೂ ಮೇಲೆ ಉರಿಯಬೇಕಿತ್ತು. ಐವತ್ತು ನಿಮಿಷಕ್ಕೆ ಆರಿತು! ಆದರೆ ಪ್ಯಾಕಿನ ವೋಲ್ಟೇಜು ಇನ್ನೂ 33ರ ಮೇಲಿತ್ತು. ಒಂದೊಂದು ಗುಂಪಿನಿಂದ ಬಿಎಂಎಸ್ಸಿಗೆ ಹೋಗುವ ಬ್ಯಾಲೆನ್ಸ್ ವೈರುಗಳಿಗೆ ಮಲ್ಟಿಮೀಟರ್ ಮುಟ್ಟಿಸಿದಾಗ ಕಳ್ಳ ಸಿಕ್ಕಿಬಿದ್ದ. ಒಂಬತ್ತು ಗುಂಪು 3.4ರ ಆಸುಪಾಸಿನಲ್ಲಿದ್ದರೆ, ಏಳನೆಯದು 2.8ಕ್ಕೆ ಕುಸಿದಿತ್ತು. ಒಂದು ಗುಂಪು ಬಿದ್ದರೂ ಸಾಕು, ಬಿಎಂಎಸ್ ಇಡೀ ಪ್ಯಾಕನ್ನೇ ಕಡಿದುಬಿಡುತ್ತೆ. ಆ ಗುಂಪು ಬದಲಿಸಿದೆ, ಮುಂದಿನ ಸಲ ಮೂರನೆಯದು ಬಿತ್ತು. ಯಾವ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳೋ ಏನೋ. ಕೈಬಿಟ್ಟೆ.

ಆಮೇಲೆ ತಂದದ್ದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲು. 6 ಆಂಪಿಯರ್-ಅವರಿನ 32700 ಅನ್ನೋ ದಪ್ಪ ಸೈಜಿನ ಹೊಸ ಸೆಲ್ಲು ಇಪ್ಪತ್ನಾಲ್ಕು, ಎರಡೆರಡರಂತೆ ಹನ್ನೆರಡು ಗುಂಪು. ಸೆಲ್ಲುಗಳೇ ಮೂರು ಕೆ.ಜಿ. ದಾಟುತ್ತವೆ, ಜಾಗವೂ ಜಾಸ್ತಿ ಬೇಕು, 43.8 ವೋಲ್ಟಿನ ಬೇರೆ ಚಾರ್ಜರ್ ಬೇರೆ ಕೊಳ್ಳಬೇಕಾಯಿತು. ಆದರೂ ಅದೇ ಬಲ್ಬುಗಳು ಎರಡೂವರೆ ಗಂಟೆ ಉರಿದವು, ಕೊನೆಯವರೆಗೂ ಗುಂಪುಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಇಷ್ಟೆಲ್ಲ ಪರೀಕ್ಷೆ ಮಾಡಿದವನು ಮೋಟರಿನ ಆಕ್ಸಲ್ ಬಿಗಿಯುವ ನಟ್ಟಿನ ವಿಷಯದಲ್ಲಿ ಮೈಮರೆತೆ. ಮೊದಲ ವಾರವೇ ಥ್ರಾಟಲ್ ತಿರುಗಿಸಿದಾಗ ಆಕ್ಸಲ್ಲೇ ಗಿರಕಿ ಹೊಡೆದು ಮೋಟರಿನ ವೈರನ್ನು ಸುತ್ತಿ ಕಿತ್ತುಹಾಕಿತು. ಈಗ ವೆಲ್ಡಿಂಗ್ ಅಂಗಡಿಯಲ್ಲಿ 6 ಮಿ.ಮೀ. ಪಟ್ಟಿಯಿಂದ ಮಾಡಿಸಿದ, ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಇದೆ. ಆಕ್ಸಲ್ಲಿನ ಚಪ್ಪಟೆ ಭಾಗಕ್ಕೆ ಬಿಗಿಯಾಗಿ ಕೂರುವವರೆಗೆ ಅರದಲ್ಲಿ ನಾನೇ ಉಜ್ಜಿದ್ದು.

ವ್ಯಾಟ್ ಮೀಟರ್ ಪ್ರಕಾರ ಜೊತೆಗೆ ತುಳಿದರೆ ಊರೊಳಗೆ ಕಿಲೋಮೀಟರಿಗೆ 11 ವ್ಯಾಟ್-ಅವರ್. ಚಾಮುಂಡಿ ಬೆಟ್ಟದ ಏರಿನಲ್ಲಿ 25 ದಾಟಿತು, ಮೋಟರು ಮುಟ್ಟಲಾಗದಷ್ಟು ಕಾದಿತ್ತು. ಎಲ್‌ಎಫ್‌ಪಿಯ ವೋಲ್ಟೇಜು ಮುಗಿಯುವ ತನಕ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತೆ. ಹಾಗಾಗಿ ಹ್ಯಾಂಡಲ್ಲಿನ ನಾಲ್ಕು ಲೈಟಿನ ಇಂಡಿಕೇಟರ್ ಯಾವಾಗಲೂ ಫುಲ್ ಅಂತಲೇ ತೋರಿಸುತ್ತೆ. ಅದರ ಮೇಲೆ ಕಪ್ಪು ಟೇಪು ಅಂಟಿಸಿದ್ದೇನೆ.