ಭತ್ತ ಹರವಿದ ರಸ್ತೆಯಲ್ಲಿ ತಾನೇ ಓಡುವ ಗಾಡಿ: ನನ್ನ ಅನುಭವ

ಗಂಗಾವತಿಯಿಂದ ಕಾರಟಗಿ ದಾಟಿ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ಸುಗ್ಗಿ ಬಂತೆಂದರೆ ಅರ್ಧ ರಸ್ತೆ ಭತ್ತದ್ದು. ಹಸಿ ನೆಲ್ಲನ್ನು ರೈತರು ಟಾರಿನ ಮೇಲೆ ಹರವುತ್ತಾರೆ. ಗಾಡಿ ಹತ್ತದಿರಲಿ ಅಂತ ಅಂಚಿಗೆ ಕಲ್ಲು ಸಾಲಾಗಿ ಇಡುತ್ತಾರೆ. ತಾನೇ ಓಡುವ ಗಾಡಿಗೆ ಮಷಿನ್ ಲರ್ನಿಂಗ್ ಮಾಡೆಲ್ (ಚಿತ್ರಗಳನ್ನು ನೋಡಿ ಕಲಿಯುವ ಪ್ರೋಗ್ರಾಂ) ಅಳವಡಿಸುವ ಟೀಮನ್ನು ನಾನು ನಡೆಸುತ್ತಿದ್ದೇನೆ. ನಮ್ಮ ಪರೀಕ್ಷೆಯ ಬಹುಪಾಲು ಇದೇ ರಸ್ತೆಯಲ್ಲಿ. ಸ್ಟೀರಿಂಗ್ ಹಿಂದೆ ಡ್ರೈವರ್ ಯಾವಾಗಲೂ ಕೂತಿರುತ್ತಾರೆ.

ರಸ್ತೆ ಗುರುತಿಸಲು ಕಲಿಸುವಾಗ ಎಲ್ಲರೂ ಬಳಸುವ ಸಿಟಿಸ್ಕೇಪ್ಸ್ ಚಿತ್ರಗಳು ಹೆಚ್ಚಾಗಿ ಜರ್ಮನಿಯ ಊರುಗಳವು. ನಮಗೆ ನಿಜವಾಗಿ ನೆರವಾದದ್ದು ಐಐಐಟಿ ಹೈದರಾಬಾದ್‌ನವರ ಇಂಡಿಯನ್ ಡ್ರೈವಿಂಗ್ ಡೇಟಾಸೆಟ್. ಹೈದರಾಬಾದ್, ಬೆಂಗಳೂರು ಸುತ್ತಮುತ್ತ ತೆಗೆದ ಸುಮಾರು 10,000 ಚಿತ್ರ, 34 ಬಗೆಯ ಲೇಬಲ್, ಅಂದರೆ ಚಿತ್ರದಲ್ಲಿ ಯಾವ ಜಾಗ ಏನು ಅಂತ ಗುರುತಿಸುವ ಹೆಸರು. ಆಟೋ, ದನ ಎಲ್ಲ ಅದರಲ್ಲಿವೆ. ಒಣಗಲು ಹಾಕಿದ ಭತ್ತಕ್ಕೆ ಮಾತ್ರ ಲೇಬಲ್ ಇಲ್ಲ. ಅದನ್ನು ರಸ್ತೆ ಅನ್ನಬೇಕಾ, ಮಣ್ಣು ಅನ್ನಬೇಕಾ? ಟೀಮಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಸಿಂಧನೂರು ಕಡೆಯ ನಮ್ಮ ಡ್ರೈವರ್ ಅಣ್ಣ ಚಿತ್ರ ನೋಡಿ ಹೇಳಿದರು: "ಸರ, ಅದು ರೋಡಲ್ರಿ, ಕಣ. ಆ ಕಲ್ಲು ದಾಟಿದ್ರ ಜಗಳ ಆಗ್ತೈತಿ." ಭತ್ತ, ಅಂಚಿನ ಕಲ್ಲು, ರಾಶಿ ಅಂತ ಮೂರು ಹೊಸ ಲೇಬಲ್ ಮಾಡಿದೆವು. ಲೇಬಲ್ ಸರಿ ಇದೆಯಾ ಅಂತ ನೋಡುವ ಕೆಲಸಕ್ಕೆ ಡ್ರೈವರುಗಳನ್ನೇ ಕೂರಿಸಿದೆ. ಇದು ಅವರಿಗೆ ಗೌರವ ಕೊಡಲು ಸುಮ್ನೆ ಮಾಡಿದ್ದಲ್ಲ. ಗಾಡಿ ಎಲ್ಲಿ ಹೋಗಬಾರದು ಅನ್ನುವುದು ನಮ್ಮೆಲ್ಲರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕಲ್ಲಿನ ವಿಷಯದಲ್ಲಿ ಬೇರೆ ಸೆನ್ಸರ್ ನಂಬಿಕೊಂಡು ಕೂರುವಂತಿಲ್ಲ. ಲೇಸರ್ ಬೆಳಕಿನಿಂದ ದೂರ ಅಳೆಯುವ 16 ಗೆರೆಯ ಲೈಡಾರ್‌ನಲ್ಲಿ ಒಂದು ಗೆರೆಗೂ ಇನ್ನೊಂದಕ್ಕೂ 2 ಡಿಗ್ರಿ ಅಂತರ ಇರುತ್ತದೆ. 30 ಮೀಟರ್ ದೂರದಲ್ಲಿ ಅದು ಒಂದು ಮೀಟರ್ ಆಗುತ್ತದೆ. ಒಂದು ಗೇಣಿನ ಕಲ್ಲು ಎರಡು ಗೆರೆಗಳ ನಡುವೆ ಅಡಗಿಬಿಡುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ 30 ಮೀಟರ್ ದಾಟಲು ಎರಡು ಸೆಕೆಂಡೂ ಬೇಡ. ಹಾಗಾಗಿ ಕ್ಯಾಮೆರಾ ಮಾಡೆಲ್ಲೇ ಅದನ್ನು ದೂರದಿಂದ ಹಿಡಿಯಬೇಕು.

ಮಾಡೆಲ್ ಬಿಡುಗಡೆ ಮಾಡುವಾಗ ನಾನು ಸರಾಸರಿ ಅಂಕ ನೋಡಿ ಒಪ್ಪುವುದಿಲ್ಲ. ಚಿತ್ರದಲ್ಲಿ ಆಕಾಶ, ಟಾರು, ಮರಗಳದ್ದೇ ಜಾಸ್ತಿ ಜಾಗ. ಕಲ್ಲಿನದು ಬೆರಳೆಣಿಕೆಯ ಚುಕ್ಕೆಗಳು. ಮಾಡೆಲ್ ಒಂದು ಕಲ್ಲನ್ನೂ ಗುರುತಿಸದಿದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಅದಕ್ಕೆ ಕಲ್ಲು, ಕುರಿ ಹಿಂಡು, ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಆಚೀಚೆ ಉಬ್ಬಿಕೊಂಡ ಹತ್ತಿಯ ಲಾರಿ, ಇವಕ್ಕೆ ಬೇರೆ ಬೇರೆ ಪರೀಕ್ಷೆ ಇಟ್ಟಿದ್ದೇವೆ. ಯಾವುದರಲ್ಲಿ ಹಿಂದಿನ ಮಾಡೆಲ್‌ಗಿಂತ ಕೆಳಗಿಳಿದರೂ ಹೊಸದು ಗಾಡಿ ಹತ್ತುವುದಿಲ್ಲ. ಇದರಲ್ಲಿ ನಾನು ಯಾರ ಒತ್ತಾಯಕ್ಕೂ ಮಣಿದಿಲ್ಲ.

ಗಾಡಿಯ ಬೋರ್ಡಿಗೆ (ಅದರೊಳಗಿನ ಸಣ್ಣ ಕಂಪ್ಯೂಟರಿಗೆ) ಹಾಕುವಾಗ ಇನ್ನೊಂದು ಕೆಲಸ. 32 ಬಿಟ್‌ನಲ್ಲಿ ಕಲಿತ ಮಾಡೆಲ್ಲನ್ನು 8 ಬಿಟ್‌ಗೆ ಇಳಿಸುತ್ತೇವೆ. ಅಂದರೆ ಅದರೊಳಗಿನ ಪ್ರತಿ ಅಂಕಿಯನ್ನು ಕಡಿಮೆ ಜಾಗದಲ್ಲಿ, ಸ್ವಲ್ಪ ಒರಟಾಗಿ ಬರೆದಿಡುತ್ತೇವೆ. ಗಾತ್ರ ಕಾಲು ಭಾಗ ಆಗುತ್ತದೆ, ವೇಗ ಹೆಚ್ಚುತ್ತದೆ. ಆದರೆ ಇಳಿಸುವ ಹೊತ್ತಿಗೆ ಆ ಅಂಕಿಗಳ ಅಳತೆ ಹೊಂದಿಸಲು ಮಾಡೆಲ್ಲಿಗೆ ತೋರಿಸುವ ಚಿತ್ರಗಳಲ್ಲಿ ಭತ್ತ ಇರಲೇಬೇಕು. ಇಲ್ಲದಿದ್ದರೆ ಹೊಂಬಣ್ಣದ ಭತ್ತಕ್ಕೂ ಪಕ್ಕದ ಒಣ ಮಣ್ಣಿಗೂ ಇರುವ ಸಣ್ಣ ವ್ಯತ್ಯಾಸ ಅಳಿಸಿಹೋಗಬಹುದು. ಇಳಿಸಿದ ಮೇಲೆ ಪರೀಕ್ಷೆಯನ್ನೆಲ್ಲ ಆ ಬೋರ್ಡಿನ ಮೇಲೆಯೇ, ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಮತ್ತೆ ಮಾಡಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೋರ್ಡು ಕಾದರೆ ತನ್ನ ಲೆಕ್ಕದ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ, ಮಾಡೆಲ್ಲಿನ ತೀರ್ಮಾನ ತಡವಾಗುತ್ತದೆ. 40 ಕಿಲೋಮೀಟರ್ ವೇಗದಲ್ಲಿ 100 ಮಿಲಿಸೆಕೆಂಡ್ ತಡವಾದರೆ ಗಾಡಿ ಒಂದು ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಹೊಸ ಮಾಡೆಲ್ ಮೊದಲು ನೆರಳಿನಂತೆ ಓಡುತ್ತದೆ. ಅದು ನೋಡುತ್ತದೆ, ತೀರ್ಮಾನ ಬರೆದಿಡುತ್ತದೆ. ಬ್ರೇಕು, ಸ್ಟೀರಿಂಗ್ ಮುಟ್ಟುವುದಿಲ್ಲ. ಡ್ರೈವರ್ ಬ್ರೇಕ್ ಒತ್ತಿ ಮಾಡೆಲ್ ಒತ್ತದ ಜಾಗಗಳ ವಿಡಿಯೋ ತಾನಾಗಿ ಉಳಿಯುತ್ತದೆ. ವಾರಕ್ಕೊಮ್ಮೆ ಡ್ರೈವರುಗಳ ಜೊತೆ ಕೂತು ಅವನ್ನು ನೋಡುತ್ತೇವೆ. ಬಿಡುಗಡೆ ನಿಲ್ಲಿಸುವ ಹಕ್ಕು ಅವರಿಗೂ ಇದೆ.

ನಮ್ಮ ಬಿಡುಗಡೆಯ ಕ್ಯಾಲೆಂಡರ್ ನಡೆಯುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಲೆಕ್ಕದಲ್ಲಿ. ಎರಡನೇ ಬೆಳೆಗೆ ನೀರು ಬಿಡದ ವರ್ಷ ಬೇಸಿಗೆ ಭತ್ತ ಇಲ್ಲ, ರಸ್ತೆ ಖಾಲಿ. ಅದಕ್ಕೇ ಪ್ರತಿ ಸುಗ್ಗಿಯ ವಿಡಿಯೋಗಳನ್ನು ಜೋಪಾನವಾಗಿ ಇಡುತ್ತೇವೆ.

ನನಗೆ ಎಲ್ಲಕ್ಕಿಂತ ಚಿಂತೆ ರಾತ್ರಿಯದು. ರಾಶಿ ಕಾಯಲು ರೈತರು ಅದರ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಾರೆ. ಕ್ಯಾಮೆರಾಗೆ ಅದು ತಾಡಪಾಲಿನ ಮುದ್ದೆಯಂತೆ ಕಾಣಬಹುದು. ಆದ್ದರಿಂದ ರಾತ್ರಿ ರಾಶಿ ಕಂಡರೆ ಸಾಕು, ಅಲ್ಲಿ ಮನುಷ್ಯ ಇದ್ದಾನೆ ಎಂದೇ ಗಾಡಿ ನಿಧಾನ ಮಾಡಬೇಕು. ಈ ನಿಯಮ ಮಾಡೆಲ್‌ನ ಕೈಯಲ್ಲಿಲ್ಲ. ಅದನ್ನು ಬೇರೆ ಕೋಡ್‌ನಲ್ಲಿ ಬರೆದಿದ್ದೇವೆ, ಯಾವ ಹೊಸ ಮಾಡೆಲ್ ಬಂದರೂ ಬದಲಾಗುವುದಿಲ್ಲ. ಈಗ ಶಾಖ ನೋಡುವ ಥರ್ಮಲ್ ಕ್ಯಾಮೆರಾ ಜೋಡಿಸಿ ನೋಡುತ್ತಿದ್ದೇವೆ. ಚಳಿಗಾಲದ ಸುಗ್ಗಿಯಲ್ಲಿ ಅದರಿಂದ ಉಪಯೋಗ ಇದೆ. ಬೇಸಿಗೆಯಲ್ಲಿ ಮಾತ್ರ ಕಾದ ಟಾರು ಆರುತ್ತಾ ಮೈಯ ಶಾಖಕ್ಕೆ ಸಮ ಆಗುವ ಹೊತ್ತೊಂದಿದೆ. ಆಗ ಅದಕ್ಕೂ ಮನುಷ್ಯ ಕಾಣುವುದು ಕಷ್ಟ. ಆ ಹೊತ್ತಿನ ಚಿತ್ರಗಳನ್ನೇ ಈಗ ಜಾಸ್ತಿ ಸೇರಿಸುತ್ತಿದ್ದೇವೆ.